ಫ್ರ್ಯಾಂಕೆಲ್‌ನ 14 ರೇಸ್‌ಗಳು: ಉಚಿತ ವಿಡಿಯೊ ಸೇವೆಯೊಂದರ ವಿಮರ್ಶೆ

ಇಂಗ್ಲೆಂಡಿನ ಫ್ರ್ಯಾಂಕೆಲ್ ಎಂಬ ಥರೋಬ್ರೆಡ್ (ರೇಸ್ ತಳಿಯ) ಕುದುರೆ 2010ರ ಆಗಸ್ಟ್‌ನಿಂದ 2012ರ ಅಕ್ಟೋಬರ್‌ವರೆಗೆ 14 ಬಾರಿ ಓಡಿ, ಅಷ್ಟನ್ನೂ ಗೆದ್ದಿತು. ಆ ರೇಸ್‌ಗಳ ವಿಡಿಯೊಗಳು ಈಗ ಅಂತರ್ಜಾಲದಲ್ಲಿ ಚಂದಾ ಇಲ್ಲದೆ ಸಿಗುತ್ತವೆ. ಈ ಸೇವೆಯನ್ನು ಬಳಸಿದ ಮೇಲೆ ಹೇಳಬೇಕೆನಿಸುವುದು ಒಂದೇ ಮಾತು: ಗೇಟ್ ತೆರೆಯುವಲ್ಲಿಂದ ಕೊನೆಯವರೆಗೆ ಇಡೀ ರೇಸ್ ಇರುವ ವಿಡಿಯೊಗಳನ್ನು ಮಾತ್ರ ನೋಡಬೇಕು, ಕೊನೆಯ ಎರಡು ಫರ್ಲಾಂಗ್‌ಗಳನ್ನಷ್ಟೇ ಕತ್ತರಿಸಿ, ಅಬ್ಬರದ ಸಂಗೀತ ಸೇರಿಸಿದ ಹೈಲೈಟ್‌ಗಳಿಂದ ಈ ಕುದುರೆ ಅರ್ಥವಾಗುವುದಿಲ್ಲ.

ಬೆಂಗಳೂರಿನ ರೇಸ್ ಪುಸ್ತಕದಲ್ಲಿ 1600 ಮೀಟರ್ ಎಂದು ಕಾಣುವ ದೂರವೇ ಹೆಚ್ಚುಕಡಿಮೆ ಅಲ್ಲಿನ ಮೈಲು, ಅಂದರೆ ಎಂಟು ಫರ್ಲಾಂಗ್. ಸಾಮಾನ್ಯವಾಗಿ ಈ ದೂರದಲ್ಲಿ ಜಾಕಿಗಳು ಮೊದಲರ್ಧದಲ್ಲಿ ಕುದುರೆಯ ಶಕ್ತಿಯನ್ನು ಉಳಿಸಿಕೊಂಡು ಕೊನೆಗೆ ಪೂರ್ತಿ ವೇಗಕ್ಕೆ ಬಿಡುತ್ತಾರೆ. 2011ರ ಏಪ್ರಿಲ್ 30ರಂದು ನ್ಯೂಮಾರ್ಕೆಟ್‌ನಲ್ಲಿ ನಡೆದ 2000 ಗಿನೀಸ್ ಎಂಬ ಮೈಲು ದೂರದ ರೇಸ್‌ನಲ್ಲಿ ಫ್ರ್ಯಾಂಕೆಲ್‌ನ ಜಾಕಿ ಟಾಮ್ ಕ್ವೀಲಿ ಈ ಲೆಕ್ಕವನ್ನೇ ಬದಿಗಿಟ್ಟರು. ಗೇಟ್‌ನಿಂದ ಹೊರಬಿದ್ದ ಕೂಡಲೇ ಫ್ರ್ಯಾಂಕೆಲ್ ಮುಂದೆ ಹೋಯಿತು. ಅರ್ಧ ದಾರಿ ಮುಗಿಯುವ ಹೊತ್ತಿಗೆ ಉಳಿದವು ಹತ್ತಕ್ಕೂ ಹೆಚ್ಚು ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಹಿಂದಿದ್ದವು. ಕೊನೆಯಲ್ಲಿ ಅಂತರ ಕುಗ್ಗಿದರೂ ದುಬಾವಿ ಗೋಲ್ಡ್‌ಗಿಂತ ಆರು ಲೆಂತ್ ಮುಂದೆ ಗೆದ್ದಿತು. ಹೈಲೈಟ್‌ನಲ್ಲಿ ನೋಡಿದರೆ ಇದು ಒಂದು ಸುಲಭದ ಗೆಲುವು, ಅಷ್ಟೆ. ಪೂರ್ತಿ ನೋಡಿದವರಿಗೆ ಮಾತ್ರ ಕ್ಲಾಸಿಕ್ (ಮೂರು ವರ್ಷದ ಕುದುರೆಗಳ ಅತಿ ಪ್ರತಿಷ್ಠಿತ) ರೇಸೊಂದು ಅರ್ಧ ದಾರಿಯಲ್ಲೇ ಮುಗಿದುಹೋದದ್ದು ಕಾಣುತ್ತದೆ.

ಅದೇ ವರ್ಷ ಜೂನ್‌ನಲ್ಲಿ ರಾಯಲ್ ಆಸ್ಕಟ್‌ನ ಸೇಂಟ್ ಜೇಮ್ಸಸ್ ಪ್ಯಾಲೇಸ್ ಸ್ಟೇಕ್ಸ್ ಇದಕ್ಕೆ ತದ್ವಿರುದ್ಧ. ಆರಂಭದಲ್ಲಿ ವೇಗ ಹೆಚ್ಚಿಸಲೆಂದೇ ಓಡಿಸುವ ಪೇಸ್‌ಮೇಕರ್ ಕುದುರೆ ರೀರೂಟೆಡ್ ಅನ್ನು ಹಿಡಿಯಲು ಕ್ವೀಲಿ ತಿರುವಿಗೂ ಮೊದಲೇ ಕುದುರೆಯನ್ನು ಬಿಟ್ಟರು, ಕೊನೆಯಲ್ಲಿ ಜೊಫಾನಿ ಮುಕ್ಕಾಲು ಲೆಂತ್‌ವರೆಗೆ ಬಂದುಬಿಟ್ಟಿತು. ಫ್ರ್ಯಾಂಕೆಲ್ ಅಷ್ಟೇನೂ ದೊಡ್ಡ ಕುದುರೆಯಲ್ಲ ಎಂದು ವಾದಿಸುವವರು ಈ ಕೊನೆಯ ತುಣುಕನ್ನೇ ಹಂಚುವುದುಂಟು. ಅದಕ್ಕೂ ಮುಂಚಿನ ಒಂದು ನಿಮಿಷವನ್ನು ನೋಡಿದರೆ ತಪ್ಪು ಕುದುರೆಯದಲ್ಲ ಎಂಬುದು ಸ್ಪಷ್ಟ. ಆರು ವಾರಗಳ ನಂತರ ಗುಡ್‌ವುಡ್‌ನ ಸಸೆಕ್ಸ್ ಸ್ಟೇಕ್ಸ್‌ನಲ್ಲಿ ನಾಲ್ಕೇ ಕುದುರೆಗಳಿದ್ದವು. ಸತತ ಐದು ಗ್ರೂಪ್ 1 (ಅತ್ಯುನ್ನತ ದರ್ಜೆಯ) ರೇಸ್ ಗೆದ್ದು ಬಂದಿದ್ದ ಕ್ಯಾನ್‌ಫರ್ಡ್ ಕ್ಲಿಫ್ಸ್ ಎದುರಾಳಿ. ಫ್ರ್ಯಾಂಕೆಲ್ ಮೊದಲಿನಿಂದಲೂ ಮುಂದಿದ್ದು ಐದು ಲೆಂತ್‌ಗಳಿಂದ ಗೆದ್ದಿತು.

ಈ ವಿಡಿಯೊಗಳಲ್ಲಿ ನನಗೆ ಹೆಚ್ಚು ಮರುಕ ಹುಟ್ಟಿಸಿದ್ದು ಎಕ್ಸೆಲಿಬ್ರೇಷನ್. ಫ್ರ್ಯಾಂಕೆಲ್‌ನೊಂದಿಗೆ ಐದು ಸಲ ಓಡಿ ನಾಲ್ಕು ಸಲ ಎರಡನೆಯದಾಗಿ, ಒಮ್ಮೆ ಮೂರನೆಯದಾಗಿ ಬಂದ ಈ ಕುದುರೆ, ಫ್ರ್ಯಾಂಕೆಲ್ ಇಲ್ಲದ ಕಡೆ 2012ರ ಪ್ರೀ ಜಾಕ್ ಲ ಮಾರ್ವಾ ಮತ್ತು ಕ್ವೀನ್ ಎಲಿಜಬೆತ್ II ಸ್ಟೇಕ್ಸ್‌ಗಳನ್ನು ಗೆದ್ದಿತು. ಬೇರೆ ಯಾವ ಕಾಲದಲ್ಲಿ ಹುಟ್ಟಿದ್ದರೂ ಇದೇ ಮೈಲಿನ ಚಾಂಪಿಯನ್ ಆಗಿರುತ್ತಿತ್ತು. 2012ರ ಕ್ವೀನ್ ಆನ್ ಸ್ಟೇಕ್ಸ್‌ನಲ್ಲಿ ಇಂಥ ಕುದುರೆಯನ್ನು ಫ್ರ್ಯಾಂಕೆಲ್ 11 ಲೆಂತ್ ಹಿಂದೆ ಹಾಕಿತು. ಕುದುರೆಗಳಿಗೆ ರೇಟಿಂಗ್ ನೀಡುವ ಬ್ರಿಟಿಷ್ ಸಂಸ್ಥೆ ಟೈಮ್‌ಫಾರ್ಮ್ ಫ್ರ್ಯಾಂಕೆಲ್‌ಗೆ 147 ರೇಟಿಂಗ್ ಕೊಟ್ಟಿತು. ಅದುವರೆಗಿನ ಗರಿಷ್ಠ, 1965ರ ಸೀ ಬರ್ಡ್‌ನ 145.

ಸೇವೆಯ ಕೊರತೆಗಳನ್ನೂ ಹೇಳಬೇಕು. ಪ್ರತಿ ಫರ್ಲಾಂಗ್‌ನ ಸಮಯ ಪರದೆಯ ಮೇಲೆ ಕಾಣುವುದಿಲ್ಲ. ಈ ಕುದುರೆಯ ವಿಷಯದಲ್ಲಂತೂ ಅದೇ ಮುಖ್ಯ ಮಾಹಿತಿ. ನೇರ ಟ್ರ್ಯಾಕ್‌ನ ರೇಸ್‌ಗಳಲ್ಲಿ ಕ್ಯಾಮರಾ ಎದುರಿನಿಂದ ಹಿಡಿದಾಗ ಅಂತರದ ಅಂದಾಜು ಸಿಗುವುದು ಕಷ್ಟ. ಎರಡು ವರ್ಷದ ಕುದುರೆಯಾಗಿದ್ದಾಗ ಡಾನ್‌ಕಾಸ್ಟರ್‌ನಲ್ಲಿ 13 ಲೆಂತ್‌ಗಳಿಂದ ಗೆದ್ದ ರೇಸನ್ನು ಸ್ವಲ್ಪ ಹುಡುಕಬೇಕಾಗುತ್ತದೆ, ದೊಡ್ಡ ರೇಸ್‌ಗಳಷ್ಟು ಸಲೀಸಾಗಿ ಅದು ಕಣ್ಣಿಗೆ ಬೀಳುವುದಿಲ್ಲ. ಆದರೂ ಹಣ ಕೊಡದೆ ಇಷ್ಟು ಸಿಗುವಾಗ ದೂರುವುದಕ್ಕೆ ಸಂಕೋಚವಾಗುತ್ತದೆ.

ರೇಸ್ ಮುಗಿದ ನಂತರದ ದೃಶ್ಯಗಳಿರುವ ವಿಡಿಯೊ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. 2012ರ ಆಗಸ್ಟ್‌ನಲ್ಲಿ ಫ್ರ್ಯಾಂಕೆಲ್ ಮೊದಲ ಬಾರಿಗೆ ಮೈಲು ದಾಟಿ, ಯಾರ್ಕ್‌ನಲ್ಲಿ ಸುಮಾರು ಹತ್ತೂವರೆ ಫರ್ಲಾಂಗ್ ದೂರದ ಜಡ್‌ಮಾಂಟ್ ಇಂಟರ್‌ನ್ಯಾಷನಲ್ ಅನ್ನು ಏಳು ಲೆಂತ್‌ಗಳಿಂದ ಗೆದ್ದಿತು. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ತರಬೇತುದಾರ ಸರ್ ಹೆನ್ರಿ ಸೆಸಿಲ್ ಅಂದು ತಲೆಗೆ ಟೋಪಿ ಧರಿಸಿ ಬಂದಿದ್ದರು, ಅವರ ದನಿ ಪಿಸುಮಾತಿನಷ್ಟು ಕುಗ್ಗಿತ್ತು. 2013ರ ಜೂನ್‌ನಲ್ಲಿ ಅವರು ತೀರಿಕೊಂಡರು. ಆಸ್ಕಟ್‌ನಲ್ಲಿ ಫ್ರ್ಯಾಂಕೆಲ್ ಓಡಿದ ಕೊನೆಯ ರೇಸ್, ಚಾಂಪಿಯನ್ ಸ್ಟೇಕ್ಸ್, ಇನ್ನೊಂದು ಬಗೆಯದು: ನೆಲ ಮೆತ್ತಗಿತ್ತು, ಗೇಟ್‌ನಲ್ಲಿ ಫ್ರ್ಯಾಂಕೆಲ್ ತಡಮಾಡಿತು, ಅಂಥ ನೆಲವೇ ಇಷ್ಟವಾದ ಹಿಂದಿನ ವರ್ಷದ ವಿಜೇತ ಸೀರಸ್ ದೆ ಜೇಗ್ಲ್ ಎದುರಿಗಿತ್ತು, ಗೆಲುವು ಒಂದೂಮುಕ್ಕಾಲು ಲೆಂತ್‌ನದು.

ಹೊಸಬರು ಗಿನೀಸ್‌ನಿಂದ ಶುರುಮಾಡಿ, ಕ್ವೀನ್ ಆನ್ ಮತ್ತು ಯಾರ್ಕ್ ನೋಡಿ, ಆಮೇಲೆ 2010ರ ಆಗಸ್ಟ್ 13ರ ಚೊಚ್ಚಲ ರೇಸಿಗೆ ಹಿಂದಿರುಗಬಹುದು. ಅಂದು ಫ್ರ್ಯಾಂಕೆಲ್‌ಗೆ ಅರ್ಧ ಲೆಂತ್‌ನಿಂದ ಸೋತದ್ದು ನಥಾನಿಯಲ್. ಮರುವರ್ಷ ಆಸ್ಕಟ್‌ನ ಕಿಂಗ್ ಜಾರ್ಜ್ ರೇಸ್ ಗೆದ್ದದ್ದೂ ಅದೇ.