ಹೊಳೆಯುವ ಕೋಡೋ, ಒರಟು ಕೋಡೋ: ನಾನು ಕೊಂಡ ಹಾರ್ನ್ ಕೋರಲ್‌ಗಳು

850 ರೂಪಾಯಿ ಕೊಟ್ಟು ತರಿಸಿದ ಪಾಲಿಶ್ ಹಾರ್ನ್ ಕೋರಲ್, ಅಂದರೆ ಕೋಡಿನಾಕಾರದ ಹವಳದ ಪಳೆಯುಳಿಕೆ, ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ. ತಲಾ 200ಕ್ಕೆ ಬಂದ ಮೂರು ಒರಟು ಕೋಡುಗಳೇ ದಿನಾ ಸಂಜೆ ನನ್ನ ಕೈಗೆ ಬರೋದು.

ಕಲಬುರಗಿಯವರಿಗೆ ಕೊಳ್ಳದೆ ಬೇರೆ ದಾರಿಯಿಲ್ಲ. ಈ ಹವಳಗಳು ಆರ್ಡೋವಿಸಿಯನ್ ಕಾಲದಲ್ಲಿ ಹುಟ್ಟಿ, ಪರ್ಮಿಯನ್ ಕೊನೆಗೆ, ಅಂದರೆ ಸುಮಾರು 25 ಕೋಟಿ ವರ್ಷಗಳ ಹಿಂದೆ ಅಳಿದವು. ನಮ್ಮ ಶಹಾಬಾದ್ ಪರಸಿ ಅವಕ್ಕಿಂತ ಹಳೆಯದು. ಅದರ ಮೇಲೆ ಹರಡಿದ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ್ದು. ಎರಡರಲ್ಲೂ ಇವು ಸಿಗುವ ಮಾತಿಲ್ಲ. ಇವನ್ನು ಹುಡುಕುತ್ತಾ ಚಿಂಚೋಳಿ ಕಡೆ ಎರಡು ಭಾನುವಾರ ಪೆಟ್ರೋಲ್ ಸುಟ್ಟ ಮೇಲೆ ಈ ಲೆಕ್ಕ ನನ್ನ ತಲೆಗೆ ಹೋಯಿತು.

ಪಾಲಿಶ್ ತುಂಡು ಚೆಂದವಿದೆ, ಇಲ್ಲವೆನ್ನುವುದಿಲ್ಲ. ತಕರಾರು ಅದರ ಚರ್ಮದ್ದು. ಈ ಗುಂಪಿಗೆ ರುಗೋಸಾ ಎಂಬ ಹೆಸರು ಬಂದದ್ದೇ ಮೈಮೇಲಿನ ಸುಕ್ಕಿನಿಂದ. ಲ್ಯಾಟಿನ್‌ನಲ್ಲಿ ರುಗಾ ಅಂದರೆ ಸುಕ್ಕು. ಸುಕ್ಕುಗಳ ನಡುವೆ ಬಲು ಸಣ್ಣ ಗೆರೆಗಳಿರುತ್ತವೆ. ಅವು ದಿನಕ್ಕೊಂದರಂತೆ ಬೆಳೆದವು ಎಂದು ಹಿಡಿದು, 1963ರಲ್ಲಿ ಜಾನ್ ವೆಲ್ಸ್ ಎಂಬ ವಿಜ್ಞಾನಿ ಡೆವೋನಿಯನ್ (ಆರ್ಡೋವಿಸಿಯನ್, ಪರ್ಮಿಯನ್‌ಗಳ ನಡುವಿನ ಕಾಲ) ಹವಳಗಳ ಮೇಲೆ ಎಣಿಸಿದರು. ಆಗ ವರ್ಷಕ್ಕೆ ಸುಮಾರು 400 ದಿನ! ಭೂಮಿ ಇನ್ನೂ ಜೋರಾಗಿ ತಿರುಗುತ್ತಿದ್ದ ಕಾಲ. ನಾನೂ ಎಣಿಸೋಣವೆಂದು ಪಾಲಿಶ್ ತುಂಡಿಗೆ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದರೆ ಕಂಡದ್ದು ಟ್ಯೂಬ್‌ಲೈಟಿನ ಹೊಳಪು ಮಾತ್ರ.

ಪರಸಿ ಪಾಲಿಶ್ ಮಷೀನಿನಲ್ಲಿ ದುಡಿಯುವ ಪಕ್ಕದ ಮನೆಯಾತ ಬೆರಳಾಡಿಸಿ ನೋಡಿ, “ಸರ, ಮ್ಯಾಲಿನ ಪದರ ಪೂರಾ ತಿಕ್ಕಿ ತಗದಾರ. ಬುಡಾನೂ ಕೊಯ್ದಾರ ನೋಡ್ರಿ” ಅಂದ. ನೆಟ್ಟಗೆ ನಿಲ್ಲಲಿ ಎಂದು ಚೂಪು ತುದಿಯನ್ನೇ ಸಪಾಟು ಮಾಡಿದ್ದಾರೆ. ಹವಳದ ಬಾಲ್ಯ ಇರೋದು ಅಲ್ಲೇ. ಕೋಡಿನೊಳಗೆ ಮೊದಲು ಆರು ತೆಳು ಅಡ್ಡಗೋಡೆ ಎದ್ದು, ಆಮೇಲಿನವು ನಾಲ್ಕೇ ಜಾಗದಲ್ಲಿ ಸೇರುತ್ತಾ ಹೋದರೆ ಅದು ರುಗೋಸಾ. ಇಂದಿನ ಕಲ್ಲುಹವಳಗಳಲ್ಲಿ ಆರೂ ಕಡೆ ಸೇರುತ್ತವೆ. ತುದಿ ಹೋದ ಮೇಲೆ ಏನನ್ನು ನೋಡೋದು? ಚೀಟಿಯಲ್ಲೂ ‘ಫಾಸಿಲ್ ಕೋರಲ್’ ಅಷ್ಟೇ; ಊರಿಲ್ಲ, ಕಾಲವಿಲ್ಲ.

ಒರಟು ಕೋಡುಗಳ ಚೀಟಿಯಲ್ಲಿ ಮೊರಾಕ್ಕೊ, ಡೆವೋನಿಯನ್ ಎಂದಿತ್ತು. ಮೇಲಿನ ಬಟ್ಟಲಿನ ತುಂಬ ಗಟ್ಟಿ ಮಣ್ಣು. ಮೊದಲನೆಯದಕ್ಕೆ ನಿಂಬೆರಸ ಹಿಂಡಿ ಕೆಡಿಸಿದೆ. ಹವಳದ ಮೈಯ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ನೊರೆಯೆದ್ದು ಗೋಡೆಗಳ ಅಂಚು ಸವೆಯಿತು. ಉಳಿದೆರಡಕ್ಕೆ ಹಳೆಯ ಹಲ್ಲಿನ ಬ್ರಷ್ಷು, ಸೂಜಿ. ಒಂದರ ಮೇಲೆ 30 ಗೆರೆ ಎಣಿಸುವಷ್ಟರಲ್ಲಿ ಲೆಕ್ಕ ತಪ್ಪಿತು, ಅಡ್ಡಿಯಿಲ್ಲ.

ಕೊಯ್ದ ಬಿಲ್ಲೆಗಳನ್ನೂ ಮಾರುತ್ತಾರೆ. ನಾನು ಕೊಳ್ಳಲಿಲ್ಲ. ಕೆಟ್ಟ ಕೋಡನ್ನೇ ಪಕ್ಕದ ಮನೆಯಾತ ಅಡ್ಡ ಕೊಯ್ದುಕೊಟ್ಟ. ನೀರು ಹಚ್ಚಿದೊಡನೆ ಚಕ್ಕಡಿ ಗಾಲಿಯ ಅರಗಳಂತೆ ಗೋಡೆಗಳು ಎದ್ದು ಕಂಡವು.

ಶೋಕೇಸಿಗೆ ಬೇಕಾದವರು ಹೊಳೆಯುವುದನ್ನೇ ತರಿಸಲಿ. ಕಲ್ಲಿಗೆ ತಿಂಗಳಿಗೆ 600 ದಾಟಿದರೆ ನಮ್ಮ ಮನೆಯಲ್ಲಿ ಮಾತು ಏಳುತ್ತದೆ. ಮುಂದಿನ ಸಲವೂ ನನಗೆ ಒರಟೇ, ಚೀಟಿಯಲ್ಲಿ ಊರ ಹೆಸರಿದ್ದರೆ ಮಾತ್ರ.