ಮಾವಶಿಯ ಹಾಡಿಗೆ ಅಕ್ಷರ ಕೂರಿಸಿದ್ದು: ಏಜಿಸಬ್ ತಂತ್ರಾಂಶದ ವಿಮರ್ಶೆ

ಡೊಂಬಿವಲಿಯಲ್ಲಿ ನಡೆದ ನಮ್ಮ ಮನೆಯ ಮದುವೆಯ ವಿಡಿಯೋದಲ್ಲಿ ಬಂಧುಗಳು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ್ದು ಮುಹೂರ್ತದ ಭಾಗವನ್ನಲ್ಲ. ಧಾರವಾಡದಿಂದ ಬಂದಿದ್ದ ಮಾವಶಿ (ತಾಯಿಯ ಸಹೋದರಿ), ಮದುಮಗಳನ್ನು ಹಸೆಗೆ ಕರೆಯುವಾಗ ಹಾಡಿದ ನಾಲ್ಕು ನಿಮಿಷದ ಹಾಡನ್ನು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಆ ಹಾಡನ್ನು ಕಲಿಯಬೇಕೆಂದರು, ಆದರೆ ಸಾಹಿತ್ಯವನ್ನು ಕಾಗದದ ಮೇಲೆ ಬರೆದುಕೊಟ್ಟರೆ ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದು ತಿಳಿಯುವುದಿಲ್ಲವೆಂದರು. ಹೀಗಾಗಿ ವಿಡಿಯೋದ ಮೇಲೆಯೇ, ದನಿಯ ಜೊತೆಜೊತೆಗೆ ಸಾಹಿತ್ಯ ಮೂಡುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕಾಗಿ ನಾನು ಬಳಸಿದ, ಈಗಲೂ ಬಳಸುತ್ತಿರುವ ಏಜಿಸಬ್ ಎಂಬ ಉಚಿತ ತಂತ್ರಾಂಶದ ಬಗ್ಗೆ ಈ ವಿಮರ್ಶೆ.

ಏಜಿಸಬ್‌ಗೆ ಬರುವ ಮೊದಲು ಎರಡು ಕಡೆ ಸೋತಿದ್ದೆ. ಮದುವೆಯ ವಿಡಿಯೋ ತೆಗೆದ ಸ್ಟುಡಿಯೋದವರಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಅಕ್ಷರಗಳನ್ನು ಕೂರಿಸಿ ರೂಢಿಯಿತ್ತು. ಕನ್ನಡವನ್ನು ಅವರು ಕೂರಿಸಿಕೊಟ್ಟರಾದರೂ ಒತ್ತಕ್ಷರಗಳೆಲ್ಲ ತಮ್ಮ ಮೂಲ ಅಕ್ಷರದ ಕೆಳಗಿರುವ ಬದಲು ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು. ತಿಂಗಳ ಚಂದಾ ಕಟ್ಟಿ ತೆಗೆದುಕೊಂಡ ಒಂದು ಫೋನ್ ಆ್ಯಪ್‌ನಲ್ಲಿ ಅಕ್ಷರಗಳು ಸರಿಯಾಗಿ ಕಂಡವು, ಆದರೆ ಅಕ್ಷರ ಒಂದೊಂದಾಗಿ ಮೂಡುವ ಅಲಂಕಾರವನ್ನು ಹಾಕಿದ ಕೂಡಲೇ ಅದರ ಬಣ್ಣ ಬಯಲಾಯಿತು. ‘ಲಕ್ಷ್ಮಿ’ ಎಂಬ ಪದ ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಅದು ಲ, ಕ, ಹಲಂತ, ಷ, ಹಲಂತ, ಮ, ಗುಡಿಸು ಎಂದು 7 ಸಂಕೇತಗಳ ಸಾಲು. ಆ ಆ್ಯಪ್ ಏಳನ್ನೂ ಏಳು ಅಕ್ಷರವೆಂದೇ ತಿಳಿದು ಒಂದೊಂದಾಗಿ ಹೊರಡಿಸಿತು. ಪರದೆಯ ಮೇಲೆ ಮೊದಲು ‘ಲಕ’ ಬಂತು, ಮರುಕ್ಷಣ ‘ಲಕ್’ ಆಯಿತು, ಆಮೇಲೆ ‘ಲಕ್ಷ’ ಆಯಿತು, ಕೊನೆಗೆ ಹೇಗೋ ಲಕ್ಷ್ಮಿ ಬಂದು ಸೇರಿದಳು. ಓದಿಕೊಂಡು ಹಾಡುವ ಮಕ್ಕಳಿಗೆ ಇದರಿಂದ ಆಗುವ ಗೊಂದಲವನ್ನು ವಿವರಿಸಬೇಕಾಗಿಲ್ಲ.

ಏಜಿಸಬ್ ಹುಟ್ಟಿದ್ದು ನಮ್ಮಂಥವರಿಗಾಗಿ ಅಲ್ಲ. ಜಪಾನಿನ ಅನಿಮೆ ಚಿತ್ರಗಳಿಗೆ ತಾವೇ ಸಬ್‌ಟೈಟಲ್ ಬರೆದು ಹಂಚುತ್ತಿದ್ದ ಅಭಿಮಾನಿಗಳ ಬಳಗದಲ್ಲಿ ಬೆಳೆದ ತಂತ್ರಾಂಶವಿದು, ಮತ್ತು ಆ ಚಿತ್ರಗಳ ಆರಂಭಗೀತೆಗಳಿಗೆ ಕರೋಕೆ ಮಾದರಿಯಲ್ಲಿ ಸಾಹಿತ್ಯ ಕೂರಿಸುವ ಚಟ ಅವರಿಗಿದ್ದುದರಿಂದಲೇ ಹಾಡಿನ ಕೆಲಸಕ್ಕೆ ಬೇಕಾದ ಸಲಕರಣೆಗಳು ಇದರಲ್ಲಿ ಇಷ್ಟು ಚೆನ್ನಾಗಿವೆ. 2014ರಲ್ಲಿ ಬಂದ 3.2.2 ಆವೃತ್ತಿಯ ನಂತರ ಬಹಳ ವರ್ಷ ಅಧಿಕೃತವಾಗಿ ಹೊಸತೇನೂ ಬಾರದಿದ್ದ ಕಾರಣ ಇದರ ಮುಖ ಇಂದಿಗೂ ಹಳೆಯ ಕಾಲದ ಬ್ಯಾಂಕ್ ಕಂಪ್ಯೂಟರಿನ ಪರದೆಯಂತೆ ಕಾಣುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಫೋನಿನಲ್ಲಿ ನಡೆಯುವುದಿಲ್ಲ.

ಕೆಲಸದ ಬಗೆ ಹೀಗೆ. ವಿಡಿಯೋ ತೆರೆದು ಅದರ ಧ್ವನಿಯನ್ನು ಬಿಡಿಸಿಕೊಂಡರೆ ಪರದೆಯ ಒಂದು ಮೂಲೆಯಲ್ಲಿ ದನಿಯ ಏರಿಳಿತದ ಚಿತ್ರ ಮೂಡುತ್ತದೆ. ಕೆಳಗಿನ ಪಟ್ಟಿಯಲ್ಲಿ ಸಾಹಿತ್ಯದ ಸಾಲುಗಳನ್ನು ಅಂಟಿಸಿಕೊಂಡು, ಒಂದೊಂದು ಸಾಲಿಗೂ ದನಿಯ ಚಿತ್ರದ ಮೇಲೆ ಮೌಸಿನ ಎಡಗುಂಡಿಯಿಂದ ಆರಂಭವನ್ನೂ ಬಲಗುಂಡಿಯಿಂದ ಮುಕ್ತಾಯವನ್ನೂ ಗುರುತಿಸಿ ಎಂಟರ್ ಒತ್ತಿದರೆ ಮುಂದಿನ ಸಾಲು ಸಿದ್ಧವಾಗಿ ನಿಲ್ಲುತ್ತದೆ. ನಮ್ಮ ವಿಡಿಯೋದಲ್ಲಿ ಮಾವಶಿಯ ದನಿಯ ಹಿಂದೆ ಸನಯಿ-ಚೌಘಡಾ ಎಂಬ ಮದುವೆ ವಾದ್ಯ ಒಂದೇ ಸಮನೆ ನಡೆದಿತ್ತು, ಜೊತೆಗೆ ಯಾರೋ ಊಟದ ಪಂಕ್ತಿಗೆ ಜನರನ್ನು ಕೂಗುತ್ತಿದ್ದರು. ಸಾಮಾನ್ಯ ಅಲೆಯ ಚಿತ್ರದಲ್ಲಿ ಇವೆಲ್ಲ ಒಂದೇ ಮುದ್ದೆಯಾಗಿ ಕಂಡವು. ಆಗ ಉಪಯೋಗಕ್ಕೆ ಬಂದದ್ದು ಸ್ಪೆಕ್ಟ್ರಮ್ ಎಂಬ ಇನ್ನೊಂದು ನೋಟ. ಅದರಲ್ಲಿ ಹಾಡುವ ದನಿ ಒಂದರ ಮೇಲೊಂದು ಎಳೆಗಳ ಪಟ್ಟಿಯಾಗಿ ಕಾಣುವುದರಿಂದ ಮಾವಶಿ ಉಸಿರು ತೆಗೆದುಕೊಂಡ ಜಾಗ ಬಟ್ಟೆಯಲ್ಲಿನ ಹರಿದ ಭಾಗದಂತೆ ಎದ್ದು ತೋರುತ್ತದೆ. ಇಪ್ಪತ್ತೆರಡು ಸಾಲುಗಳಿಗೆ ಮೊದಲ ಸಲ ಒಂದೂವರೆ ಗಂಟೆ ಹಿಡಿಯಿತು. ಎರಡನೆಯ ಹಾಡಿಗೆ ಅರ್ಧ ಗಂಟೆ ಸಾಕಾಯಿತು.

ಸಾಲು ದನಿಯ ಜೊತೆಗೇ ಸರಿಯಾಗಿ ಮೂಡಬೇಕೆಂದು ಮೊದಲು ನಾನು ಹಟ ಹಿಡಿದಿದ್ದೆ, ಅದು ತಪ್ಪು. ಓದಿ ಹಾಡುವವನ ಕಣ್ಣು ಬಾಯಿಗಿಂತ ಮುಂದಿರಬೇಕಾಗುತ್ತದೆ, ಆದ್ದರಿಂದ ಸಾಲು ಸುಮಾರು ಅರ್ಧ ಸೆಕೆಂಡ್ ಮೊದಲೇ ಬಂದು ಕೂರಬೇಕು. ಇದನ್ನು ಸಾಲುಸಾಲಿಗೂ ತಿದ್ದಬೇಕಾಗಿಲ್ಲ; ಟೈಮಿಂಗ್ ಪೋಸ್ಟ್-ಪ್ರೊಸೆಸರ್ ಎಂಬ ಸಲಕರಣೆಗೆ ಎಷ್ಟು ಮುಂಚೆ, ಎಷ್ಟು ಹೊತ್ತು ಹೆಚ್ಚು ಎಂದು ಹೇಳಿಬಿಟ್ಟರೆ ಇಡೀ ಹಾಡಿಗೆ ಅನ್ವಯಿಸುತ್ತದೆ.

ಇನ್ನು ಕರೋಕೆಯ ವಿಷಯ. ಹಾಡುತ್ತಿರುವ ಪದಕ್ಕೆ ಎಡದಿಂದ ಬಲಕ್ಕೆ ಬಣ್ಣ ತುಂಬುತ್ತ ಹೋಗುವ ಏರ್ಪಾಡಿಗೆ ಸಾಲನ್ನು ತುಂಡುಗಳಾಗಿ ಕತ್ತರಿಸಿ ಒಂದೊಂದು ತುಂಡಿಗೂ ಸೆಕೆಂಡಿನ ನೂರನೆಯ ಭಾಗದ ಲೆಕ್ಕದಲ್ಲಿ ಅವಧಿ ಕೊಡಬೇಕು. ಪದಗಳ ನಡುವಿನ ತೆರಪಿನಲ್ಲಿ ತಂತ್ರಾಂಶ ತಾನೇ ಕತ್ತರಿಸುತ್ತದೆ, ಪದದ ಒಳಗೆ ಕತ್ತರಿಸುವುದು ನಮ್ಮ ಕೈಯಲ್ಲಿದೆ, ಮತ್ತು ಕನ್ನಡಿಗರು ಎಚ್ಚರ ವಹಿಸಬೇಕಾದದ್ದು ಇಲ್ಲೇ. ‘ಕೃಷ್ಣ’ವನ್ನು ಕೃ ಮತ್ತು ಷ್ಣ ಎಂದು ಕತ್ತರಿಸಿದರೆ ಎಲ್ಲ ಸರಿಯಿರುತ್ತದೆ, ಅಭ್ಯಾಸಬಲದಿಂದ ಷಕಾರಕ್ಕೂ ಣಕಾರಕ್ಕೂ ನಡುವೆ ಗೆರೆ ಎಳೆದರೆ ಒತ್ತು ಕಳಚಿಕೊಂಡು ‘ಕೃಷ್’ ಒಂದು ಕಡೆ, ‘ಣ’ ಒಂದು ಕಡೆ ನಿಲ್ಲುತ್ತವೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಒಂದು ತುಂಡಿನ ಒಳಗೆ ಮಾತ್ರ ಜೋಡಿಸಬಲ್ಲದು, ತುಂಡಿನ ಆಚೆಗಿನದು ಅದಕ್ಕೆ ಕಾಣುವುದಿಲ್ಲ. ಹಾಡಿನಲ್ಲಿ ಮಾತ್ರೆ ಎಣಿಸಿದವರಿಗೆ ಇದು ಕಷ್ಟವಲ್ಲ, ಯಾಕೆಂದರೆ ನಾವು ಎಳೆಯುವುದು ಅಕ್ಷರವನ್ನೇ ಹೊರತು ಅರ್ಧಾಕ್ಷರವನ್ನಲ್ಲ. ಫೋನ್ ಆ್ಯಪ್ ತಾನೇ ನಿರ್ಧರಿಸಿ ಕೆಡಿಸಿದ್ದನ್ನು ಇಲ್ಲಿ ನಾನು ನಿರ್ಧರಿಸಬಹುದು ಎಂಬುದೇ ನನ್ನ ಮಟ್ಟಿಗೆ ಏಜಿಸಬ್‌ನ ದೊಡ್ಡ ಗುಣ.

ನಮ್ಮ ಮನೆಯ ನಿಜವಾದ ತೊಡಕು ಬೇರೆಯೇ ಇತ್ತು. ಮಕ್ಕಳಲ್ಲಿ ಮೂವರಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಅವರು ಓದುವುದು ದೇವನಾಗರಿಯನ್ನು. ಆದ್ದರಿಂದ ಮೇಲೆ ಕನ್ನಡ, ಕೆಳಗೆ ದೇವನಾಗರಿ ಎಂದು ಎರಡು ಸಾಲು ಕೊಡಲು ತೀರ್ಮಾನಿಸಿದೆ. ಮಹಾರಾಷ್ಟ್ರದಲ್ಲಿ ಬೆಳೆದ ಮಕ್ಕಳಿಗೆ ಮರಾಠಿಯ ಳಕಾರ ಚೆನ್ನಾಗಿ ಗೊತ್ತಿರುವುದು ನಮ್ಮ ಭಾಗ್ಯ. ಹ್ರಸ್ವ ಎ-ಒಗಳ ಮಾತು ಹಾಗಲ್ಲ: ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು, ಮಕ್ಕಳು ಶಾಲೆಯಲ್ಲಿ ಕಲಿತ ದೇವನಾಗರಿಯಲ್ಲಿ ಒಂದೇ ರೀತಿ ಬರೆಯಲ್ಪಡುತ್ತವೆ. ದಕ್ಷಿಣದ ಭಾಷೆಗಳಿಗಾಗಿ ಹ್ರಸ್ವ ಚಿಹ್ನೆಗಳು ಯುನಿಕೋಡ್‌ನಲ್ಲಿ ಇವೆ, ನಾನು ಹಾಕಿಯೂ ನೋಡಿದೆ. ಮಕ್ಕಳು ಅದನ್ನು ಅಚ್ಚಿನ ತಪ್ಪೆಂದು ತಿಳಿದರು. ಅದನ್ನು ತೆಗೆದುಹಾಕಿ ಕಿವಿಗೆ ಬಿಟ್ಟುಕೊಟ್ಟೆ. ಅದಕ್ಕಿಂತ ಗಟ್ಟಿಯಾದ ತೊಂದರೆ ಪದಾಂತ್ಯದ ಅಕಾರದ್ದು. ಮರಾಠಿ ಓದುವ ನಾಲಿಗೆ ‘ರಾಮ’ ಎಂದು ಬರೆದಿದ್ದನ್ನು ‘ರಾಮ್’ ಎಂದು ಮುಗಿಸಿಬಿಡುತ್ತದೆ, ನಮ್ಮ ಹಾಡಿನಲ್ಲಿ ಎಳೆಯಬೇಕಾದ ಸ್ವರ ಅದೇ ಆಗಿರುತ್ತದೆ. ಇದಕ್ಕೆ ಸಂಸ್ಕೃತದ ಅವಗ್ರಹ (ऽ) ಚಿಹ್ನೆ ನೆರವಿಗೆ ಬಂತು. ಹಿಂದಿ, ಮರಾಠಿಯಲ್ಲಿ ದನಿ ಎಳೆಯುವುದನ್ನು ತೋರಿಸಲು ಅದನ್ನು ಬಳಸುವುದನ್ನು ಮಕ್ಕಳು ನೋಡಿರುವುದರಿಂದ, ಪದದ ಕೊನೆಗೆ ಒಂದು ಅವಗ್ರಹ ಇಟ್ಟ ಕೂಡಲೇ ಅವರ ‘ರಾಮ್’ ‘ರಾಮ’ವಾಯಿತು.

ಎರಡು ಲಿಪಿ, ಎರಡು ಸಾಲು ಎಂದಾಗ ಏಜಿಸಬ್ ಬಳಸುವ ಎಎಸ್ಎಸ್ ಎಂಬ ಕಡತದ ಒಂದು ಕೊರತೆ ಎದುರಾಗುತ್ತದೆ: ಅದರಲ್ಲಿ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸುವ ಸೌಲಭ್ಯವಿಲ್ಲ. ಇಂಗ್ಲಿಷಿಗೆ ಅದು ಬೇಕಾಗದಿರಬಹುದು, ಕೆಳಗೆ ಒತ್ತು ಇಳಿಬಿಡುವ ಕನ್ನಡಕ್ಕೆ ಬೇಕೇ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಮಾತ್ರೆಗೆ ತಗಲುತ್ತದೆ. ನಾನು ಕಂಡುಕೊಂಡ ದಾರಿಯೆಂದರೆ ಎರಡನ್ನೂ ಒಂದೇ ಸಾಲಾಗಿ ಬರೆಯದೆ, ಕನ್ನಡಕ್ಕೆ ಒಂದು ಸ್ಟೈಲ್, ದೇವನಾಗರಿಗೆ ಒಂದು ಸ್ಟೈಲ್ ಮಾಡಿ, ಪರದೆಯ ತಳದಿಂದ ಎಷ್ಟು ಎತ್ತರದಲ್ಲಿ ಕೂರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳುವುದು. ಪ್ರತಿ ಸ್ಟೈಲ್‌ಗೆ ಬೇರೆ ಬೇರೆ ಫಾಂಟ್ ಕೊಡಲು ಸಾಧ್ಯವಾದದ್ದು ಇದರ ಲಾಭ. ನಾನು ಅನೇಕ್ ಕನ್ನಡ ಮತ್ತು ಅನೇಕ್ ದೇವನಾಗರಿ ಎಂಬ ಜೋಡಿಯನ್ನು ಆರಿಸಿಕೊಂಡೆ; ಒಂದೇ ಫಾಂಟ್ ಕುಟುಂಬವಾಗಿ ರೂಪುಗೊಂಡದ್ದರಿಂದ ಎರಡರ ದಪ್ಪವೂ ಸರಿಹೊಂದುತ್ತದೆ. ಅವುಗಳನ್ನು ಮಾಡಿದ ಏಕ್ ಟೈಪ್ ಸಂಸ್ಥೆ ನಮ್ಮ ಮುಂಬಯಿಯದೇ, ಬಲೂ ಫಾಂಟ್ ಕುಟುಂಬದ ಕನ್ನಡದ ಕುಡಿಗೆ ‘ಬಲೂ ತಮ್ಮ’ ಎಂದು ಹೆಸರಿಟ್ಟವರೂ ಅವರೇ. ಆ ತಮ್ಮನನ್ನೂ ಹಾಕಿ ನೋಡಿದೆ. ಗುಂಡಗೆ, ದಪ್ಪಗೆ ಮುದ್ದಾಗಿ ಕಾಣುತ್ತಾನಾದರೂ ಸುತ್ತ ಕಪ್ಪು ಅಂಚು ಕೊಟ್ಟಾಗ ಷ, ಘಗಳ ಒಳಗಿನ ಖಾಲಿ ಜಾಗ ತುಂಬಿಹೋಗಿ ದೂರದಿಂದ ಓದಲಾಗಲಿಲ್ಲ. ಜರತಾರಿ ಸೀರೆಗಳ ಮೇಲೆ ಅಕ್ಷರ ಕಾಣಬೇಕಾದರೆ ಅಂಚಿಗಿಂತ, ಅಕ್ಷರದ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿಯೇ ಒಳ್ಳೆಯದೆಂದು ನನ್ನ ಅನುಭವ.

ಏಜಿಸಬ್ ವಿಡಿಯೋವನ್ನು ತಾನೇ ಹೊರತೆಗೆದುಕೊಡುವುದಿಲ್ಲ ಎಂಬುದನ್ನು ಕೊಳ್ಳದೆ ಸಿಗುವ ಈ ವಸ್ತುವಿನ ಗ್ರಾಹಕರು ಮೊದಲೇ ತಿಳಿದಿರಬೇಕು. ಅದು ಕೊಡುವುದು ಸಾಹಿತ್ಯದ ಕಡತವನ್ನು ಮಾತ್ರ. ಅದನ್ನು ವಿಡಿಯೋದ ಮೇಲೆ ಅಚ್ಚೊತ್ತಲು ಎಫ್‌ಎಫ್‌ಎಂಪೆಗ್‌ನಂಥ ಇನ್ನೊಂದು ತಂತ್ರಾಂಶ ಬೇಕು, ಅದಕ್ಕೆ ಗುಂಡಿಗಳಿಲ್ಲ, ಆಜ್ಞೆಯ ಸಾಲನ್ನು ಟೈಪ್ ಮಾಡಬೇಕು. ನನ್ನ ಅಣ್ಣನ ಮಗ ಆ ಸಾಲನ್ನು ಒಂದು ಕಡತದಲ್ಲಿ ಬರೆದಿಟ್ಟಿದ್ದಾನೆ, ನಾನು ಅದರ ಮೇಲೆ ಎರಡು ಸಲ ಒತ್ತುತ್ತೇನೆ, ಅಷ್ಟೆ. ಬಣ್ಣ ತುಂಬುವ ಕರೋಕೆ ಬೇಡ, ಸಾಲು ಬಂದುಹೋದರೆ ಸಾಕು ಎನ್ನುವವರು ಎಸ್‌ಆರ್‌ಟಿ ಎಂಬ ಸರಳ ಸಬ್‌ಟೈಟಲ್ ಕಡತವನ್ನು ಕೆಡೆನ್‌ಲೈವ್ ಎಂಬ ಉಚಿತ ಎಡಿಟರಿಗೆ ಹಾಕಬಹುದು. 2020ರ ಡಿಸೆಂಬರ್‌ನ ಆವೃತ್ತಿಯಿಂದ ಅದರಲ್ಲಿ ಸಬ್‌ಟೈಟಲ್‌ಗೇ ಒಂದು ಪ್ರತ್ಯೇಕ ಪಟ್ಟಿ ಇದೆ. ಅಚ್ಚೊತ್ತುವ ಗೋಜು ಬೇಡವೆಂದು ಕಡತವನ್ನು ಹಾಗೆಯೇ ಪೆನ್ ಡ್ರೈವ್‌ನಲ್ಲಿ ಟಿವಿಗೆ ಕೊಟ್ಟರೆ ಕನ್ನಡ ಫಾಂಟ್ ಇಲ್ಲದ ಟಿವಿ ಚೌಕಗಳ ಸಾಲನ್ನು ತೋರಿಸುತ್ತದೆ, ನಮ್ಮ ಮನೆಯದು ತೋರಿಸಿತು.

ಫೋನಿನಲ್ಲಿ ತೆಗೆದ ವಿಡಿಯೋಗಳಿಗೆ ಒಂದು ಪೂರ್ವಸಿದ್ಧತೆ ಅಗತ್ಯ. ಫೋನುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ಲೆಕ್ಕವನ್ನು ನಡುನಡುವೆ ಬದಲಿಸುತ್ತವೆ, ಅದರಿಂದ ಮೊದಲ ನಿಮಿಷದಲ್ಲಿ ಸರಿಯಿದ್ದ ಸಾಲುಗಳು ನಾಲ್ಕನೆಯ ನಿಮಿಷಕ್ಕೆ ದನಿಯಿಂದ ಸರಿದಿರುತ್ತವೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಕ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರ ಆರಿಸಿ ಒಮ್ಮೆ ಪರಿವರ್ತಿಸಿಕೊಂಡ ಮೇಲೆಯೇ ಏಜಿಸಬ್ ತೆರೆಯುವುದು ಕ್ಷೇಮ.

ಎಲ್ಲರಿಗೂ ಇದನ್ನು ನಾನು ಸೂಚಿಸುವುದಿಲ್ಲ. ಮೂವತ್ತು ಸೆಕೆಂಡಿನ ಸ್ಟೇಟಸ್‌ಗೆ ಎರಡು ಸಾಲು ಹಾಕುವವರಿಗೆ ಇದು ಅನಾವಶ್ಯಕ ಶ್ರಮ, ಮತ್ತು ಇಂಗ್ಲಿಷ್ ಮೆನುಗಳ ನಡುವೆ ದಾರಿ ಹುಡುಕುವ ತಾಳ್ಮೆ ಇಲ್ಲದವರಿಗೆ ಮೊದಲ ದಿನವೇ ಬೇಸರ ಬಂದೀತು. ಮಾಟುಂಗ, ಮಾಹಿಮ್ ಕಡೆಯ ಭಜನಾ ಮಂಡಳಿಗಳವರು, ಮನೆಯ ಹಿರಿಯರ ಸಂಪ್ರದಾಯದ ಹಾಡುಗಳನ್ನು ಕೂಡಿಡಬೇಕೆನ್ನುವವರು ಮಾತ್ರ ಎರಡು ರವಿವಾರಗಳನ್ನು ಇದಕ್ಕೆ ಕೊಡಬಹುದು.

ಸಿದ್ಧವಾದ ವಿಡಿಯೋವನ್ನು ಧಾರವಾಡಕ್ಕೆ ಕಳಿಸಿದ ಸಂಜೆ ಮಾವಶಿಯ ಫೋನ್ ಬಂತು. “ನಾ ಎಲ್ಲೆ ಹಸೆಗೆ ಅಂದೀನೋ ತಮ್ಮಾ? ಹಸಿಗೆ ಅಂದೀನಿ. ನಮ್ಮವ್ವನೂ ಹಂಗ ಅಂತಿದ್ಲು” ಎಂದರು. ನಾನು ಹಾಡುಗಳ ಪುಸ್ತಕವೊಂದನ್ನು ನೋಡಿಕೊಂಡು ಸಾಹಿತ್ಯವನ್ನು ‘ಶುದ್ಧ’ವಾಗಿ ಟೈಪ್ ಮಾಡಿದ್ದೆ. ಸ್ಟುಡಿಯೋದವರ ಕೈಯಲ್ಲಿದ್ದರೆ ಇಂಥ ತಿದ್ದುಪಡಿಗೆ ದಾದರಿಗೆ ಹೋಗಿಬರಬೇಕಾಗಿತ್ತು. ಏಜಿಸಬ್ ತೆರೆದು ಆ ಪದವಿದ್ದ ನಾಲ್ಕೂ ಸಾಲುಗಳಲ್ಲಿ ಕನ್ನಡವನ್ನೂ ಅದರ ಕೆಳಗಿನ ದೇವನಾಗರಿಯನ್ನೂ ತಿದ್ದಿ, ಮತ್ತೆ ಅಚ್ಚೊತ್ತಿ, ರಾತ್ರಿ ಊಟದೊಳಗೆ ಕಳಿಸಿಕೊಟ್ಟೆ. ಈ ಸಲ ಅವರು ಫೋನ್ ಮಾಡಲಿಲ್ಲ, ಪಕ್ಕದ ಮನೆಯವರಿಗೆ ತೋರಿಸಲು ಹೋಗಿದ್ದರಂತೆ.