ಥರ್ಮೊಕೋಲ್ ಕಿರೀಟದ ಹತ್ತಿರ ಪಂಜು ತರಬೇಡಿ

ಕೈಯಲ್ಲಿರುವ ಸಾಮಾನಿನಲ್ಲೇ ರಂಗಪರಿಕರ ಮಾಡಿಕೊಳ್ಳುವ ಹವ್ಯಾಸಿ ತಂಡಗಳವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ತಂಡದ ಹುಡುಗನೊಬ್ಬ ಕಿವಿ, ಕುತ್ತಿಗೆ ಸುಟ್ಟುಕೊಂಡು ಆಸ್ಪತ್ರೆ ಸೇರಿದ. ಅದು ಆಕಸ್ಮಿಕ ಎಂದು ಈಗಲೂ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಆಡುತ್ತಿದ್ದದ್ದು ಮಹಿಷಾಸುರ ವಧೆಯ ಕಥೆ. ನನ್ನದು ದೇವಿಯ ಪಾತ್ರ. ಕರಾವಳಿಯಲ್ಲಿ ಯಕ್ಷಗಾನ ಮೇಳಗಳು ಆಡುವ ದೇವಿ ಮಹಾತ್ಮೆಯ ಪ್ರಸಂಗ ನೋಡಿದವರಿಗೆ ಮಹಿಷನ ಪ್ರವೇಶದ ಅಬ್ಬರವನ್ನು ವಿವರಿಸಬೇಕಾಗಿಲ್ಲ. ಜನರ ನಡುವಿನಿಂದ ದೊಂದಿಗಳ ಬೆಳಕಿನಲ್ಲಿ, ಭುಗಿಲೇಳುವ ರಾಳದ ಪುಡಿಯ ಮಧ್ಯೆ ಅವನು ಬರುತ್ತಾನೆ. ಮುಚ್ಚಿದ ಸಭಾಂಗಣದಲ್ಲೂ ಅದೇ ಬೇಕೆಂದು ನಮ್ಮ ನಿರ್ದೇಶಕರು ಹಟ ಹಿಡಿದರು. ಬೇಡ ಎಂದವರಿಗೆ, "ಮೇಳದವರು ಮಾಡುವುದಿಲ್ಲವೇ?" ಎಂಬ ಉತ್ತರ ಸಿದ್ಧವಿತ್ತು. ಮೇಳದವರು ಮಾಡುವುದು ತೆರೆದ ಬಯಲಿನಲ್ಲಿ, ಕೈ ಪಳಗಿದ ಮೇಲೆ. ನಮ್ಮಲ್ಲಿ ಪುಡಿ ಎರಚುವ ಕೆಲಸ ಸಿಕ್ಕಿದ್ದು ಹಿಂದಿನ ದಿನವಷ್ಟೇ ತಂಡಕ್ಕೆ ಬಂದಿದ್ದ ಕಾಲೇಜು ಹುಡುಗನಿಗೆ.

ಮಹಿಷನ ಕೊಂಬು ಮತ್ತು ಕಿರೀಟವನ್ನು ಥರ್ಮೊಕೋಲಿನಲ್ಲಿ ಕೊರೆದಿದ್ದರು. ಸ್ಪ್ರೇ ಬಣ್ಣ ನೇರವಾಗಿ ಬಿದ್ದರೆ ಅದರಲ್ಲಿರುವ ದ್ರಾವಕ ಥರ್ಮೊಕೋಲನ್ನು ಕರಗಿಸಿ ಗುಳಿ ಬೀಳಿಸುತ್ತದೆ. ಹಾಗಾಗಿ ಮೊದಲು ಫೆವಿಕಾಲ್ ಬಳಿದು ಪತ್ರಿಕೆಯ ತುಂಡು ಅಂಟಿಸಿ, ಮೇಲೆ ಚಿನ್ನದ ಬಣ್ಣ ಹೊಡೆದಿದ್ದರು. ದೂರದಿಂದ ನೋಡಲು ಬಹಳ ಚೆನ್ನಾಗಿಯೇ ಇತ್ತು. ಆದರೆ ಸಂಜೆ ತಲೆಗೇರಿಸುವಾಗಲೂ ಅದರಿಂದ ಥಿನ್ನರ್ ವಾಸನೆ ಹೋಗಿರಲಿಲ್ಲ. ಕುಣಿಯುವಾಗ ಜಾರಬಾರದೆಂದು ನೈಲಾನ್ ದಾರದಿಂದ ಗದ್ದದ ಕೆಳಗೆ ಗಂಟಿನ ಮೇಲೆ ಗಂಟು ಹಾಕಿದರು.

ಪಂಜಿಗೆ ಸೀಮೆಎಣ್ಣೆ ಸಾಲಲಿಲ್ಲ. ಯಾರದೋ ಬೈಕಿನಿಂದ ತೆಗೆದ ಪೆಟ್ರೋಲನ್ನು ಅದಕ್ಕೆ ಬೆರೆಸಿದರು. ಇದು ಎಷ್ಟು ಅಪಾಯವೆಂದು ಆಮೇಲೆ ಓದಿ ತಿಳಿದೆ: ಸೀಮೆಎಣ್ಣೆಯ ಆವಿಗೆ ಕಿಡಿ ಹತ್ತಬೇಕಾದರೆ ಅದು ಸುಮಾರು 38 ಡಿಗ್ರಿ ಸೆಲ್ಸಿಯಸ್ ಅಥವಾ ಇನ್ನೂ ಹೆಚ್ಚು ಕಾಯಬೇಕು. ಪೆಟ್ರೋಲಿನ ಆವಿಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಕಿಡಿ ತಾಗುತ್ತದೆ. ರಾಳದ ಪುಡಿಯೂ ರಾಶಿಯಲ್ಲಿದ್ದಾಗ ಸಾಧುವಾಗಿ ಕಾಣುತ್ತದೆ. ಗಾಳಿಗೆ ಎರಚಿದರೆ ಕಣಕಣಕ್ಕೂ ಗಾಳಿ ಸಿಕ್ಕಿ ಒಮ್ಮೆಲೇ ಜ್ವಾಲೆಯಾಗುತ್ತದೆ.

ಆ ಹುಡುಗ ಎರಚಿದ ಹಿಡಿ ಪುಡಿ ಪಂಜನ್ನು ದಾಟಿ ನಟನ ಕಡೆಗೇ ಹೋಯಿತು. ನಾನು ಪಕ್ಕದ ಪರದೆಯ ಹಿಂದೆ ನನ್ನ ಪ್ರವೇಶಕ್ಕೆ ಕಾಯುತ್ತಿದ್ದೆ. ಬಲಗೊಂಬಿನ ತುದಿಯಲ್ಲಿ ಹಳದಿ ಉರಿ ಕಂಡಿತು, ಹಿಂದೆಯೇ ದಟ್ಟ ಕಪ್ಪು ಹೊಗೆ. ಥರ್ಮೊಕೋಲ್ ಕಟ್ಟಿಗೆಯಂತೆ ಉರಿದು ಕೆಂಡವಾಗುವುದಿಲ್ಲ. ಕರಗಿ, ಉರಿಯುತ್ತಲೇ ತೊಟ್ಟಿಕ್ಕುತ್ತದೆ, ಬಿದ್ದಲ್ಲಿ ಅಂಟಿಕೊಳ್ಳುತ್ತದೆ. ಮೊದಲ ಹನಿ ಅವನ ಕಿವಿಯ ಹಿಂದೆ ಬಿತ್ತು. ಅವನು ಕೂಗಿದ. ಸಭಾಂಗಣ ಚಪ್ಪಾಳೆ ತಟ್ಟಿತು! ಅಸುರನ ಆರ್ಭಟವೆಂದೇ ಎಲ್ಲರೂ ತಿಳಿದಿದ್ದರು. ಚಂಡೆ ಬಾರಿಸುವವರಿಗೂ ಗೊತ್ತಾಗದೆ ಅವರು ಇನ್ನಷ್ಟು ಬಿರುಸಾಗಿ ಬಾರಿಸಿದರು.

"ಅಕ್ಕಾ, ದಾರ ಬಿಚ್ಚಿ!" ಎಂದು ಅವನು ನನ್ನ ಕಡೆ ಓಡಿ ಬಂದ. ಗಂಟು ಬಿಚ್ಚಲಾಗಲಿಲ್ಲ, ಕತ್ತರಿ ಬಣ್ಣದ ಮನೆಯಲ್ಲಿತ್ತು. ಕೊನೆಗೆ ತಬಲಾದವರು ತಾವು ಕುಳಿತಿದ್ದ ಜಮಖಾನವನ್ನೇ ಎಳೆದು ಅವನ ತಲೆಗೆ ಸುತ್ತಿ ಬೆಂಕಿ ಆರಿಸಿದರು. ಅಗ್ನಿಶಾಮಕ ಸಿಲಿಂಡರ್ ಗೋಡೆಯಲ್ಲೇ ಇತ್ತು, ಅದರ ಮುಂದೆ ವೇಷಭೂಷಣದ ಟ್ರಂಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರು.

ಮುಂದೆ ನಡೆದದ್ದೂ ತಪ್ಪೇ. ಯಾರೋ ಟೂತ್‌ಪೇಸ್ಟ್ ತಂದು ಬಳಿದರು, ಇನ್ನೊಬ್ಬರು ಅಂಟಿದ್ದ ಥರ್ಮೊಕೋಲನ್ನು ಕೀಳಲು ಹೋದರು. ಅಂಟಿದ ಪದಾರ್ಥದ ಜೊತೆ ಚರ್ಮವೂ ಬರುತ್ತದೆ, ದಯವಿಟ್ಟು ಕೀಳಬೇಡಿ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣನೆಯ ನಲ್ಲಿ ನೀರು ಹರಿಯಬೇಕು. ಮಂಜುಗಡ್ಡೆ, ಬೆಣ್ಣೆ, ಶಾಯಿ, ಪೇಸ್ಟ್ ಯಾವುದೂ ಬೇಡ. ಒಬ್ಬರು ನೀರು ಹಿಡಿದಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಅವನು ಚೇತರಿಸಿಕೊಂಡಿದ್ದಾನೆ, ಕಿವಿಯ ಹಿಂದಿನ ಕಲೆ ಹಾಗೆಯೇ ಇದೆ. ಮತ್ತೆ ಬಣ್ಣ ಹಚ್ಚಲು ಅವನ ಅಮ್ಮ ಬಿಡುತ್ತಿಲ್ಲ, ಅವರನ್ನು ಒಪ್ಪಿಸುವ ಬಾಯಿ ನಮ್ಮಲ್ಲಿ ಯಾರಿಗೂ ಇಲ್ಲ.

ಬೆಂಕಿಯಿಲ್ಲದ ಪಂಜು ಕಷ್ಟದ ಕೆಲಸವೇನಲ್ಲ. ಪೈಪಿನ ಬಾಯಲ್ಲಿ ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನು, ಅದರ ಸುತ್ತ ಹಳದಿ ಎಲ್‌ಇಡಿ ದೀಪ, ಮೇಲೆ ಕಿತ್ತಳೆ ಬಣ್ಣದ ತೆಳು ರೇಷ್ಮೆಯ ಚೂರುಗಳು, ಹಿಡಿಯೊಳಗೆ ಬ್ಯಾಟರಿ. ಕತ್ತಲಲ್ಲಿ ಬಟ್ಟೆ ಮೇಲಕ್ಕೆ ಹಾರುತ್ತಾ ಉರಿಯ ಹಾಗೆಯೇ ಕಾಣುತ್ತದೆ. ಕಿರೀಟಕ್ಕೆ ಬಿದಿರಿನ ಸೀಳು ಮತ್ತು ಬಟ್ಟೆ ಸಾಕು. ಅಥವಾ ನಮ್ಮ ಅಜ್ಜಿಯರು ಮೊರ ಬುಟ್ಟಿಗಳಿಗೆ ಮೆತ್ತುತ್ತಿದ್ದ ಹಾಗೆ ಕಾಗದವನ್ನು ಮೆಂತ್ಯದ ಜೊತೆ ನೆನೆಸಿ ರುಬ್ಬಿ ಕೊಂಬು ಮಾಡಿ. ಅದಕ್ಕೂ ಬೆಂಕಿ ಹತ್ತುತ್ತದೆ, ಆದರೆ ಕರಗಿ ಮೈಮೇಲೆ ಸುರಿಯುವುದಿಲ್ಲ. ಗದ್ದದ ಕೆಳಗೆ ಗಂಟು ಬೇಡ, ವೆಲ್ಕ್ರೋ ಪಟ್ಟಿ ಇರಲಿ. ಕೊನೆಯ ತಾಲೀಮಿನಲ್ಲಿ ದೀಪ ಆರಿಸಿ, ಪಕ್ಕದವರು ಒಂದೇ ಎಳೆತಕ್ಕೆ ಅದನ್ನು ತೆಗೆಯಬಲ್ಲರೇ ಎಂದು ನೋಡಿ.

ಇಷ್ಟಾದ ಮೇಲೂ ನಿಜವಾದ ಬೆಂಕಿಯೇ ಬೇಕೆಂದು ನಿಮ್ಮ ನಿರ್ದೇಶಕರು ಹಟ ಹಿಡಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಕಿರೀಟ ಕೆಳಗಿಟ್ಟು ಹೊರಗೆ ಬನ್ನಿ.